ಅಡುಗೆಮನೆ ನೆಲಕ್ಕೆ ಯಾವ ವ್ಯಾಕ್ಯೂಮ್? ಮೊದಲು ಒಂದು ಚಮಚ ಸಾಸಿವೆ ಚೆಲ್ಲಿ ನೋಡಿ

ಅಮ್ಮನಿಗೆ ಈಗ 71 ವರ್ಷ. ಮಂಡಿ ಆಪರೇಷನ್ ಆದ ಮೇಲೆ ಬಗ್ಗಿ ಕಸ ಗುಡಿಸಲು ಆಗುತ್ತಿಲ್ಲ. ಹಾಗಂತ ಅಡುಗೆಮನೆಯನ್ನು ಬೇರೆಯವರ ಕೈಗೆ ಬಿಡುವವರಲ್ಲ. ಬೆಳಿಗ್ಗೆ ಒಗ್ಗರಣೆ ಮುಗಿದ ಕೂಡಲೇ ಒಲೆ ಮುಂದಿನ ನೆಲ ಚೊಕ್ಕಟವಾಗಿರಬೇಕು. ಕೆಲಸದವರು ಹತ್ತು ಗಂಟೆಗೆ ಬರುವ ತನಕ ಕಾಯಲು ಅವರಿಗೆ ಮನಸ್ಸಾಗುವುದಿಲ್ಲ. ಅವರಿಗಾಗಿ ಒಂದು ಯಂತ್ರ ಹುಡುಕುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಹಳೆಯ ಮನೆ. ಅಡುಗೆಮನೆಗೆ ಆಮೇಲೆ ಹಾಕಿಸಿದ ವಿಟ್ರಿಫೈಡ್ ಟೈಲ್ಸ್ ಇದೆ. ಪಕ್ಕದ ಊಟದ ಕೋಣೆಯಲ್ಲಿ ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ. ಎರಡರ ನಡುವೆ ಒಂದು ಹೊಸ್ತಿಲು. ಈ ಮೂರನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ನಾನು ಬಾಕ್ಸ್ ಮೇಲಿನ ವ್ಯಾಟ್ ನೋಡಿ 1400 ವ್ಯಾಟಿನ ಡ್ರಮ್ ವ್ಯಾಕ್ಯೂಮ್ ತಂದುಬಿಟ್ಟೆ.

ಅಮ್ಮ ಒಂದು ವಾರ ಪ್ರಯತ್ನಪಟ್ಟರು. "ಇದನ್ನ ಹೊಸ್ತಿಲು ದಾಟಿಸೋಕೇ ಇನ್ನೊಬ್ರು ಬೇಕು ಕಣೋ" ಅಂದರು. ಅದು ನಿಜ. ಅದಕ್ಕಿಂತ ಬೇಸರ ಆಗಿದ್ದು ನೆಲ ನೋಡಿದಾಗ. ಉದ್ದ ಹಿಡಿಯ ತುದಿಯ ಚಪ್ಪಟೆ ತಲೆಗೆ ಸುತ್ತಲೂ ಬ್ರಷ್ ಕೂದಲಿನ ಅಂಚು ಇತ್ತು. ಸಾಸಿವೆ ಕಾಳು ಆ ಅಂಚಿಗೆ ತಾಗಿ ಒಳಗೆ ಹೋಗದೆ, ಮುಂದೆ ಮುಂದೆ ಉರುಳುತ್ತಾ ಹೋಯಿತು. ಯಂತ್ರದ ಹಿಂಬದಿಯಿಂದ ಬರುವ ಗಾಳಿಗೆ ಈರುಳ್ಳಿ ಸಿಪ್ಪೆ ಎಲ್ಲಾ ಫ್ರಿಜ್ ಕೆಳಗೆ ಸೇರಿಕೊಂಡಿತು.

ವ್ಯಾಟ್ ಅಂದರೆ ಯಂತ್ರ ತಿನ್ನುವ ಕರೆಂಟು. ಎಳೆಯುವ ಶಕ್ತಿ ಅಲ್ಲ. ಯುರೋಪಿನ ಒಕ್ಕೂಟದಲ್ಲಿ 2014ರ ಸೆಪ್ಟೆಂಬರ್‌ನಿಂದ 1600 ವ್ಯಾಟ್‌ಗಿಂತ ಜಾಸ್ತಿ ಇರುವ ವ್ಯಾಕ್ಯೂಮ್‌ಗಳ ಹೊಸ ಸರಕು ಮಾರುಕಟ್ಟೆಗೆ ಬರುವುದು ನಿಂತಿತು. 2017ರ ಸೆಪ್ಟೆಂಬರ್‌ನಿಂದ ಆ ಮಿತಿ 900 ವ್ಯಾಟ್‌ಗೆ ಇಳಿಯಿತು. ಅಲ್ಲಿನ ಮನೆಗಳಲ್ಲಿ ಕಾರ್ಪೆಟ್ ಕೂಡ ಇರುತ್ತದೆ. ನಮ್ಮ ಬರೀ ಟೈಲ್ಸ್ ನೆಲಕ್ಕೆ 1400 ಯಾಕೆ ಬೇಕು ಹೇಳಿ? ಇನ್ನೊಂದು ವಿಷಯ. 6 ಆಂಪ್ ಸಾಕೆಟ್ 230 ವೋಲ್ಟ್‌ನಲ್ಲಿ ಕೊಡುವುದು ಸುಮಾರು 1380 ವ್ಯಾಟ್ ಮಾತ್ರ. ಅದಕ್ಕಿಂತ ದೊಡ್ಡ ಯಂತ್ರಕ್ಕೆ 16 ಆಂಪ್ ಸಾಕೆಟ್ಟೇ ಬೇಕು. ಅದು ನಿಮ್ಮ ಅಡುಗೆಮನೆಯಲ್ಲಿ ಎಲ್ಲಿದೆ, ವೈರು ಅಲ್ಲಿಂದ ಎಲ್ಲಿ ತನಕ ಬರುತ್ತದೆ ಎಂದು ನೋಡಿ. ಒದ್ದೆ ನೆಲದ ಮೇಲೆ ವೈರು ಎಳೆದಾಡುವುದು ವಯಸ್ಸಾದವರಿಗೆ ಸರಿಯಲ್ಲ. ಕಾಲಿಗೂ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಚಿಕ್ಕಮ್ಮನ ಮಗಳ ಮನೆಯಿಂದ ವೈರಿಲ್ಲದ ಉದ್ದ ಹಿಡಿಯ ವ್ಯಾಕ್ಯೂಮ್ ತಂದು ನೋಡಿದೆವು. ಹಗುರ ಇತ್ತು, ಅಮ್ಮನಿಗೆ ಹಿಡಿಸಿತು. ಆದರೆ ಅದರ ತಲೆಯೊಳಗೆ ಗಟ್ಟಿ ಕೂದಲಿನ ಬ್ರಷ್ ಜೋರಾಗಿ ತಿರುಗುತ್ತಿತ್ತು. ಅದು ಕಾರ್ಪೆಟ್ ಕೆದಕಿ ಧೂಳು ತೆಗೆಯಲು ಮಾಡಿದ್ದು. ಗಟ್ಟಿ ನೆಲದ ಮೇಲೆ ಅದೇ ಬ್ರಷ್ ಕಡಲೆಬೇಳೆಯನ್ನು ಹಿಂದಕ್ಕೆ ಚಿಮ್ಮಿಸಿತು. ಅಮ್ಮನ ಕಾಲಿಗೆ ಟಕ್ ಅಂತ ಬಡಿಯಿತು.

ನನಗೆ ಗೊತ್ತಾಗಿದ್ದು ಇದು: ಅಡುಗೆಮನೆ ನೆಲಕ್ಕೆ ವ್ಯಾಕ್ಯೂಮ್ ಕೊಳ್ಳುವಾಗ ಮೋಟಾರಿಗಿಂತ ತಲೆ ಮುಖ್ಯ. ಕೆಳಗೆ ತಿರುಗಿಸಿ ನೋಡಿ. ಮೆತ್ತನೆಯ ಬಟ್ಟೆಯಂಥ ದಪ್ಪ ರೋಲರ್ ಇರಬೇಕು. ಬಣ್ಣ ಹೊಡೆಯುವ ರೋಲರ್ ನೋಡಿದ್ದೀರಲ್ಲ, ಹಾಗೆ. ಅಂಗಡಿಯಲ್ಲಿ ಇದನ್ನು ಸಾಫ್ಟ್ ರೋಲರ್, ಫ್ಲಫಿ ರೋಲರ್ ಅನ್ನುತ್ತಾರೆ. ಇದು ಕಾಳನ್ನು ಚಿಮ್ಮಿಸದೆ ಸುತ್ತಿಕೊಂಡು ಒಳಗೆ ಕಳಿಸುತ್ತದೆ. ರಾಗಿ ಹಿಟ್ಟನ್ನೂ ನೆಲದಿಂದ ಒರೆಸಿ ಎತ್ತುತ್ತದೆ. ತಲೆಯ ಮುಂಭಾಗ ತೆರೆದಿರಬೇಕು. ಮುಂದೆ ಪ್ಲಾಸ್ಟಿಕ್ ತುಟಿ ನೆಲಕ್ಕೆ ತಾಗುವ ಹಾಗಿದ್ದರೆ ಕಾಳು ಒಳಗೆ ಬರುವುದೇ ಇಲ್ಲ. ಚಕ್ರಗಳಿಗೆ ರಬ್ಬರ್ ಅಥವಾ ಬಟ್ಟೆ ಹೊದಿಕೆ ಇರಬೇಕು. ಗಟ್ಟಿ ಪ್ಲಾಸ್ಟಿಕ್ ಚಕ್ರದ ಕೆಳಗೆ ಒಂದು ಮರಳು ಕಣ ಸಿಕ್ಕರೂ ರೆಡ್ ಆಕ್ಸೈಡ್ ಮೇಲೆ ಗೀರು ಬೀಳುತ್ತದೆ. ನಮ್ಮ ಊಟದ ಕೋಣೆಯಲ್ಲಿ ಆ ಡ್ರಮ್ ಬಿಟ್ಟುಹೋದ ಎರಡು ಗೀರು ಇನ್ನೂ ಇವೆ. ಐವತ್ತು ವರ್ಷ ಹೊಳಪು ಉಳಿಸಿಕೊಂಡ ನೆಲ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ಸಾಸಿವೆ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ನಯವಾದ ಟೈಲ್ಸ್ ಮೇಲೆ ಥರ್ಮಾಕೋಲ್ ಉಂಡೆ ಎಳೆದು ತೋರಿಸುತ್ತಾರೆ. ಅದನ್ನು ಎಂಥ ಯಂತ್ರವಾದರೂ ಎಳೆಯುತ್ತದೆ. ನೀವು ಮನೆಯಿಂದ ಒಂದು ಚಿಕ್ಕ ಡಬ್ಬಿ ತೆಗೆದುಕೊಂಡು ಹೋಗಿ. ಆನ್‌ಲೈನ್ ತರಿಸಿದ್ದರೆ ವಾಪಸ್ ಕೊಡುವ ಗಡುವಿನೊಳಗೆ ಮನೆಯಲ್ಲೇ ಮಾಡಿ. ಒಂದು ಚಮಚ ಸಾಸಿವೆ, ಒಂದು ಚಮಚ ರಾಗಿ ಹಿಟ್ಟು, ನಾಲ್ಕು ಈರುಳ್ಳಿ ಸಿಪ್ಪೆ, ಒಣಗಿದ ಕರಿಬೇವಿನ ಎಲೆ, ಬಾಚಣಿಗೆಯಿಂದ ತೆಗೆದ ಒಂದಷ್ಟು ಕೂದಲು. ಎರಡು ಟೈಲ್ಸ್ ಸೇರುವ ಗೆರೆಯ ಮೇಲೆ ಸ್ವಲ್ಪ, ಗೋಡೆಯ ಬುಡಕ್ಕೆ ಸ್ವಲ್ಪ ಚೆಲ್ಲಿ. ಒಂದು ಸಲ ಮುಂದಕ್ಕೆ ತಳ್ಳಿ, ಒಂದು ಸಲ ಹಿಂದಕ್ಕೆ ಎಳೆಯಿರಿ. ಅಷ್ಟೇ. ಆಮೇಲೆ ಬಗ್ಗಿ ನೋಡಿ. ಗೆರೆಯೊಳಗೆ ಹಿಟ್ಟು ಉಳಿಯಿತಾ? ಗೋಡೆ ಪಕ್ಕ ಎಷ್ಟು ಅಗಲದ ಪಟ್ಟಿ ಹಾಗೇ ಉಳಿಯಿತು? ಒಂದು ಬೆರಳಿನಷ್ಟಾದರೆ ಪರವಾಗಿಲ್ಲ, ಎರಡು ಬೆರಳಾದರೆ ಬೇಡ. ಕೊನೆಗೆ ಸ್ವಿಚ್ ಆಫ್ ಮಾಡಿ ತಲೆ ಎತ್ತಿ. ಕೆಲವು ಯಂತ್ರಗಳು ನುಂಗಿದ ಸಾಸಿವೆಯನ್ನು ಆಗ ವಾಪಸ್ ನೆಲಕ್ಕೆ ಉದುರಿಸುತ್ತವೆ. ಹೀಗೆ ನೋಡಿಯೇ ನಾನು ಎರಡು ಮಾಡೆಲ್ ಬಿಟ್ಟೆ.

ಕೈಯ ಕಡೆಯೂ ಗಮನ ಇರಲಿ. ಕೆಲವದರಲ್ಲಿ ಓಡುತ್ತಿರುವಷ್ಟೂ ಹೊತ್ತು ಬೆರಳಿನಿಂದ ಗುಂಡಿ ಒತ್ತಿ ಹಿಡಿದಿರಬೇಕು. ಬೆರಳ ಗಂಟು ನೋವಿರುವವರಿಗೆ ಅದು ಆಗುವುದಿಲ್ಲ. ಒಂದು ಸಲ ಒತ್ತಿದರೆ ಸಾಕು ಅನ್ನುವಂಥದ್ದು ತೆಗೆದುಕೊಳ್ಳಿ. ಬಳಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಗೇ ಕೊಡಿ. ಮನೆಯಲ್ಲಿ ಫ್ರಿಜ್ ಸ್ಟ್ಯಾಂಡ್ ಕೆಳಗಿನ ಸಂದು ಅಳೆದುಕೊಂಡು ಹೋಗಿ. ನಮ್ಮದು 9 ಸೆಂಟಿಮೀಟರ್ ಇತ್ತು, ಒಂದು ಮಾಡೆಲಿನ ತಲೆ ಅದರ ಕೆಳಗೆ ಹೋಗುತ್ತಲೇ ಇರಲಿಲ್ಲ. ಸಿಲಿಂಡರ್ ಪಕ್ಕದ ಸಂದಿಗೆ ಚೂಪು ಮೂತಿಯ ಪೈಪ್ ಬೇಕೇ ಬೇಕು.

ಬ್ಯಾಟರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಾಕ್ಸ್ ಮೇಲಿನ ನಿಮಿಷದ ಲೆಕ್ಕ ಸಾಮಾನ್ಯವಾಗಿ ಅತಿ ಕಡಿಮೆ ವೇಗದ್ದು. ಆದರೆ ಹತ್ತು ಅಡಿ ಅಡುಗೆಮನೆಗೆ ಐದು ನಿಮಿಷ ಸಾಕಲ್ವಾ? ಬ್ಯಾಟರಿ ಬಿಚ್ಚಿ ಬದಲಿಸಲು ಬರುತ್ತದಾ, ನಿಮ್ಮ ಊರಲ್ಲೇ ಸರ್ವಿಸ್ ಇದೆಯಾ, ಇಷ್ಟು ಕೇಳಿ.

ಫಿಲ್ಟರ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಹಿಟ್ಟು ಬಹಳ ನುಣುಪು, ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಚೆನ್ನಾಗಿಲ್ಲದಿದ್ದರೆ ಚೆಲ್ಲಿದ ಮೆಣಸಿನಪುಡಿ ಹಿಂಬದಿಯ ಗಾಳಿಯಲ್ಲಿ ಮುಖಕ್ಕೇ ಬರುತ್ತದೆ. ಎಚ್13 ದರ್ಜೆಯ ಹೆಪಾ ಫಿಲ್ಟರ್ ಹಿಡಿಯಲು ಅತಿ ಕಷ್ಟವಾದ ಕಣಗಳಲ್ಲೂ 99.95 ಶೇಕಡ ತಡೆಯುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಇದನ್ನು ಕೇಳಿ ಪಡೆಯಿರಿ. ತೊಳೆಯಬಹುದಾದ ಫಿಲ್ಟರ್ ಆದರೆ ತೊಳೆದ ಮೇಲೆ ಪೂರ್ತಿ ಒಂದು ದಿನ ಒಣಗಬೇಕು. ಮಳೆಗಾಲದಲ್ಲಿ ಎರಡು ದಿನ ಬಿಡಿ. ಒದ್ದೆ ಇದ್ದಾಗ ಹಾಕಿದರೆ ಮೋಟಾರು ಕೆಡುತ್ತದೆ. ಅದಕ್ಕೇ ನಾನು ಇನ್ನೊಂದು ಫಿಲ್ಟರ್ ಕೊಂಡಿಟ್ಟಿದ್ದೇನೆ.

ಹಾಲು, ಎಣ್ಣೆ, ಸಾರು ಚೆಲ್ಲಿದರೆ ಒಣ ವ್ಯಾಕ್ಯೂಮ್ ಹತ್ತಿರಕ್ಕೂ ತರಬೇಡಿ. ಬಟ್ಟೆಯೇ ಸರಿ. ಹಸಿ ಕಾಯಿತುರಿಯೂ ಬೇಡ. ಅದರ ಜಿಡ್ಡು ಡಬ್ಬಿಗೆ ಅಂಟಿ ಮಾರನೇ ದಿನ ಕಮಟು ವಾಸನೆ ಬರುತ್ತದೆ, ಇರುವೆಯೂ ಸಾಲು ಕಟ್ಟುತ್ತದೆ. ನೀರು ಹಾಕಿ ಒರೆಸುತ್ತಲೇ ಎಳೆಯುವ ಯಂತ್ರಗಳು ಬಂದಿವೆ. ಕೆಲಸ ಚೆನ್ನಾಗಿ ಮಾಡುತ್ತವೆ. ಆದರೆ ಭಾರ, ಮತ್ತು ಕೊಳೆ ನೀರಿನ ತೊಟ್ಟಿಯನ್ನು ಪ್ರತಿ ಸಲವೂ ತೊಳೆಯಬೇಕು. ಅಮ್ಮನಿಗೆ ಅದು ಹೊಸ ಕೆಲಸವೇ ಆಗುತ್ತದೆ. ತಾನೇ ಓಡಾಡಿ ಗುಡಿಸುವ ರೋಬೋ ವ್ಯಾಕ್ಯೂಮ್ ನಮ್ಮ ಹೊಸ್ತಿಲು ಹತ್ತುವುದಿಲ್ಲ.

ಕಡಿಮೆ ದುಡ್ಡಲ್ಲಿ ಮುಗಿಯಬೇಕು ಅಂದರೆ ಕರೆಂಟಿಲ್ಲದ ತಳ್ಳುವ ಸ್ವೀಪರ್ ಇದೆ. ಚಕ್ರ ಉರುಳಿದರೆ ಒಳಗಿನ ಬ್ರಷ್ ತಿರುಗಿ ಕಸವನ್ನು ಡಬ್ಬಿಗೆ ಹಾಕುತ್ತದೆ. ಹಳೇ ಉಪಾಯ ಇದು. ಅಮೆರಿಕದಲ್ಲಿ ಪಿಂಗಾಣಿ ಪಾತ್ರೆ ಅಂಗಡಿ ಇಟ್ಟಿದ್ದ ಮೆಲ್ವಿಲ್ ಬಿಸೆಲ್ 1876ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರು. ಕಾಳು, ಸಿಪ್ಪೆ, ರೊಟ್ಟಿ ಚೂರಿಗೆ ಇದು ಸಾಕು. ಶಬ್ದ ಇಲ್ಲ, ಮಗು ಮಲಗಿದ್ದರೂ ಗುಡಿಸಬಹುದು. ಗೆರೆಯೊಳಗಿನ ಹಿಟ್ಟು ಮಾತ್ರ ಬರುವುದಿಲ್ಲ.

ಕೊನೆಗೆ ನಾವು ತಂದಿದ್ದು ಎರಡೂವರೆ ಕೆಜಿಯ, ಮೆತ್ತನೆ ರೋಲರಿನ, ವೈರಿಲ್ಲದ ಯಂತ್ರ. ಚಾರ್ಜರ್ ಸ್ಟ್ಯಾಂಡನ್ನು ಒಲೆಯಿಂದ ದೂರ, ಬಾಗಿಲ ಪಕ್ಕದ ಗೋಡೆಗೆ ಹೊಡೆಸಿದೆ. ಬಡಗಿ ಮಾಮೂಲಿ ಎತ್ತರಕ್ಕೆ ಗುರುತು ಹಾಕಿದ್ದ. ಅಮ್ಮ ಬಂದು ನಿಂತು, ಕೈ ಎತ್ತದೆ, ಬಗ್ಗದೆ ಸಿಗುವ ಜಾಗಕ್ಕೆ ಪೆನ್ಸಿಲಿನಿಂದ ತಾವೇ ಗುರುತು ಹಾಕಿದರು. ಮೊಳೆ ಅಲ್ಲೇ ಬಿತ್ತು.