ಕಂಟೇನರ್‌ನಲ್ಲಿ ಕಾರ್ಯಕ್ರಮದ ಸಾಮಗ್ರಿ: ಕೆಡದಂತೆ ಇಡುವುದು ಹೇಗೆ?

ಕಾರ್ಯಕ್ರಮ ಆಯೋಜನೆಯ ವ್ಯವಹಾರದಲ್ಲಿರುವವರು ಹಳೆಯ ಸರಕು ಕಂಟೇನರ್ ಕೊಂಡು ಅದನ್ನೇ ಗೋದಾಮು ಮಾಡಿಕೊಳ್ಳುವುದು ಒಳ್ಳೆಯ ಏರ್ಪಾಡು. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪರದೆಗಳಿಗೆ ಬೂಷ್ಟು ಹಿಡಿದು, ಕೇಬಲ್‌ಗಳ ಕನೆಕ್ಟರ್ ಕಿಲುಬುಗಟ್ಟಿ ಕಂಗಾಲಾದವರನ್ನು ನಾನು ಹಲವು ಬಾರಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಚಾವಣಿ ಸೋರುತ್ತಿದೆ ಎಂದು ತಿಳಿದು ಮೇಲೆ ಡಾಂಬರು ಬಳಿಸಿದ್ದರು. ಚಾವಣಿ ಸೋರಿರಲಿಲ್ಲ; ಆ ನೀರನ್ನು ಅವರೇ ಒಳಗೆ ತಂದಿಟ್ಟಿದ್ದರು.

ಮೊದಲು ಆಯ್ಕೆ. 20 ಅಡಿಯ ಕಂಟೇನರ್‌ನ ಒಳಭಾಗ ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ, 2.39 ಮೀಟರ್ ಎತ್ತರವಿದ್ದು, ಅಂದಾಜು 33 ಘನ ಮೀಟರ್ ಜಾಗ ಸಿಗುತ್ತದೆ. 40 ಅಡಿಯದರಲ್ಲಿ ಇದರ ಎರಡು ಪಟ್ಟು ಜಾಗವಿದ್ದರೂ, 40 ಅಡಿಯದೊಂದರ ಬದಲು 20 ಅಡಿಯ ಎರಡನ್ನೇ ಕೊಳ್ಳಿ. ಏಕೆಂದರೆ ಬಟ್ಟೆಯನ್ನೂ ವಿದ್ಯುತ್ ಉಪಕರಣಗಳನ್ನೂ ಒಂದೇ ಗೂಡಿನಲ್ಲಿ ಇಡಬಾರದು. ಕಾರಣವನ್ನು ಮುಂದೆ ಹೇಳುತ್ತೇನೆ. ಕೊಳ್ಳುವ ಮುನ್ನ ಹಗಲು ಹೊತ್ತಿನಲ್ಲಿ ಒಳಗೆ ನಿಂತು ಬಾಗಿಲು ಮುಚ್ಚಿಸಿ. ಕತ್ತಲಲ್ಲಿ ಬೆಳಕಿನ ಚುಕ್ಕೆ ಕಂಡ ಕಡೆ ತೂತಿದೆ ಎಂದರ್ಥ. ಈ ಬಾಗಿಲು ಒಳಗಿನಿಂದ ತೆರೆಯುವುದಿಲ್ಲವಾದ್ದರಿಂದ ನಂಬಿಕೆಯ ಒಬ್ಬರು ಹೊರಗೆ ನಿಂತಿರಲೇಬೇಕು. ನೆಲದ ಪ್ಲೈವುಡ್‌ಗೆ ಸಾಮಾನ್ಯವಾಗಿ ಕೀಟನಾಶಕ ಹಾಕಿರುತ್ತಾರೆ. ಒಳಗೆ ರಾಸಾಯನಿಕದ ಗಾಢ ವಾಸನೆ ಇದ್ದರೆ, ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕಂಟೇನರ್‌ನ ಭಾರವೆಲ್ಲ ನಾಲ್ಕು ಮೂಲೆಗಳ ಮೇಲೆ ನಿಲ್ಲುವುದರಿಂದ, ಪ್ರತಿ ಮೂಲೆಯ ಅಡಿಗೂ ಗಟ್ಟಿ ಕಾಂಕ್ರೀಟ್ ಆಧಾರ ಕೊಟ್ಟು ಮಟ್ಟಗೋಲಿನಿಂದ ಸರಿನೋಡಿ. ಒಂದು ಮೂಲೆ ಕುಸಿದರೂ ಚೌಕಟ್ಟು ತಿರುಚಿಕೊಂಡು ಬಾಗಿಲು ಬಿಗಿಯುತ್ತದೆ. ಆಗ ಸುತ್ತಿಗೆಯಿಂದ ಬಾಗಿಲಿಗೆ ಬಡಿಯದೆ ಮೂಲೆಯನ್ನು ಜಾಕ್‌ನಿಂದ ಎತ್ತಿ ಸರಿಪಡಿಸಬೇಕು.

ಇನ್ನು ಎಲ್ಲರೂ ಎಡವುವ ಹಂತ, ತೇವದ ನಿರ್ವಹಣೆ. ಒಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಅದರ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಈಗಿರುವ ಪಾಲು) ಶೇ 70ರಷ್ಟಿದೆ ಎಂದುಕೊಳ್ಳಿ. ರಾತ್ರಿ ಚಾವಣಿಯ ಉಕ್ಕು 24 ಡಿಗ್ರಿಗಿಂತ ಕೆಳಗಿಳಿದೊಡನೆ ಆ ಗಾಳಿಯ ತೇವ ತಗಡಿನ ಒಳಮೈಯಲ್ಲಿ ಹನಿಗಟ್ಟಿ, ಬೆಳಗಿನ ಹೊತ್ತಿಗೆ ಸಾಮಗ್ರಿಗಳ ಮೇಲೆ ತೊಟ್ಟಿಕ್ಕುತ್ತದೆ. ಆದರೆ 33 ಘನ ಮೀಟರ್ ಗಾಳಿಯಲ್ಲಿ ಆಗ ಇರುವ ನೀರು ಮುಕ್ಕಾಲು ಲೀಟರಿಗೂ ಕಡಿಮೆ. ಮಳೆಯಲ್ಲಿ ನೆನೆದ ಒಂದೇ ಒಂದು ಶಾಮಿಯಾನದ ಬಟ್ಟೆ ಅದರ ಎಷ್ಟೋ ಪಟ್ಟು ನೀರನ್ನು ಒಳಗೆ ತರುತ್ತದೆ. ಹಗಲಿನ ಬಿಸಿಗೆ ಅದು ಆವಿಯಾಗಿ, ಇರುಳಿಗೆ ಹನಿಯಾಗಿ, ಹೊರಹೋಗಲು ದಾರಿಯಿಲ್ಲದೆ ದಿನವೂ ಅಲ್ಲೇ ಸುತ್ತುತ್ತಿರುತ್ತದೆ. ಆದ್ದರಿಂದ ಮಧ್ಯರಾತ್ರಿ ಕಾರ್ಯಕ್ರಮ ಮುಗಿಸಿ ಎಷ್ಟೇ ದಣಿದು ಬಂದಿದ್ದರೂ ಒದ್ದೆ ಬಟ್ಟೆ, ಕಾರ್ಪೆಟ್, ಕೆಸರು ಹತ್ತಿದ ಕೇಬಲ್ ಯಾವುದನ್ನೂ ಒಳಗಿಟ್ಟು ಬಾಗಿಲು ಹಾಕಬೇಡಿ. ಮಾಡಿನ ಕೆಳಗೆ ಹರವಿ, ಪೂರ್ತಿ ಒಣಗಿದ ಮೇಲೆಯೇ ಮಡಚಿಡಿ. ಉಪಕರಣದ ಪೆಟ್ಟಿಗೆಗಳೊಳಗಿನ ಸ್ಪಂಜನ್ನೂ ಕೈಯಿಂದ ಒತ್ತಿ ನೋಡಿ, ಏಕೆಂದರೆ ಹೊರಮೈ ಒಣಗಿದ್ದರೂ ಅದು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡಿರುತ್ತದೆ.

ಗೋಡೆಯ ಮೇಲ್ಭಾಗದಲ್ಲಿರುವ ಪುಟ್ಟ ಗಾಳಿಕಿಂಡಿಗಳನ್ನು ನಂಬಿ ಕೂರಬೇಡಿ; ಅವು ಒಳಹೊರಗಿನ ಒತ್ತಡ ಸಮವಾಗಿರಲೆಂದು ಇಟ್ಟವೇ ಹೊರತು ಗಾಳಿಯಾಡಿಸಲು ಸಾಲವು. ಬಟ್ಟೆಯ ಕಂಟೇನರ್‌ಗೆ ಒಂದು ತುದಿಯಲ್ಲಿ ಕೆಳಗೆ, ಎದುರು ತುದಿಯಲ್ಲಿ ಮೇಲೆ, ಮಳೆನೀರು ನುಗ್ಗದ ದೊಡ್ಡ ಜಾಲರಿ ಕಿಂಡಿಗಳನ್ನು ಕೊರೆಸಿ. ವಿದ್ಯುತ್ ಉಪಕರಣಗಳ ಕಂಟೇನರ್‌ಗೆ ಇದು ತಕ್ಕುದಲ್ಲ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಅದನ್ನು ಆಂಪ್ಲಿಫೈಯರ್, ಎಲ್‌ಇಡಿ ಪರದೆಗಳ ಬಳಿ ಬಿಟ್ಟುಕೊಂಡರೆ ಹಾನಿಯೇ ಹೆಚ್ಚು. ಇಲ್ಲಿ ಕಿಂಡಿಗಳನ್ನು ಮುಚ್ಚಿ, ತೇವ ಹೀರುವ ಯಂತ್ರವನ್ನು ಇಟ್ಟು, ಆರ್ದ್ರತೆಮಾಪಕದ ಮುಳ್ಳು ಶೇ 60ನ್ನು ದಾಟದಂತೆ ನೋಡಿಕೊಳ್ಳಬೇಕು. ಎರಡು ಕಂಟೇನರ್ ಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಕೆಲವು ಅಡ್ಡದಾರಿಗಳ ಬಗ್ಗೆ ಎಚ್ಚರಿಸಲೇಬೇಕು. ಬೂಟಿನ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅಲ್ಲಲ್ಲಿ ಹಾಕಿಟ್ಟರೆ ಇಷ್ಟು ದೊಡ್ಡ ಜಾಗದಲ್ಲಿ ಯಾವ ಪ್ರಯೋಜನವೂ ಇಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳು ನಿಜಕ್ಕೂ ನೀರು ಹೀರುತ್ತವೆ, ಆದರೆ ಅದರಿಂದ ಉಂಟಾಗುವ ಉಪ್ಪುನೀರು ಸೋರಿದರೆ ಲೋಹವನ್ನು ತಿನ್ನುತ್ತದೆ. ಉಪಕರಣಗಳ ನೇರ ಮೇಲೆ ಅವನ್ನು ಎಂದಿಗೂ ತೂಗುಹಾಕಬೇಡಿ. ಕಾವು ತಡೆಯಲೆಂದು ಬೆಳ್ಳಿಬಣ್ಣದ ಹಾಳೆಯನ್ನು ಟೇಪಿನಿಂದ ಒಳಗೆ ಅಂಟಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಹಾಳೆಯ ಹಿಂದೆ ಸೇರಿದ ತೇವ ಕಣ್ಣಿಗೆ ಬೀಳದಂತೆ ತುಕ್ಕು ಹಿಡಿಸುತ್ತದೆ. ಹೊರಗೆ ಬಿಳಿ ಬಣ್ಣ ಬಳಿದರೆ ಹಗಲಿನ ಕಾವು ತಗ್ಗುತ್ತದಾದರೂ ಇರುಳಿನ ಹನಿ ನಿಲ್ಲುವುದಿಲ್ಲ. ಹಣ ಖರ್ಚು ಮಾಡುವುದಿದ್ದರೆ ಚಾವಣಿಯ ಒಳಮೈಗೆ ಪಾಲಿಯುರೆಥೇನ್ ಫೋಮ್ ಸಿಂಪಡಿಸಿ. ಅದು ಉಕ್ಕಿಗೇ ಅಂಟಿಕೊಂಡು ತಣ್ಣನೆಯ ಮೈಗೆ ಗಾಳಿ ತಗಲದಂತೆ ಮಾಡುತ್ತದೆ.

ಜೋಡಿಸುವುದು ಸುಲಭ. ಮರದ ಬದಲು ಪ್ಲಾಸ್ಟಿಕ್ ಪ್ಯಾಲೆಟ್ ಬಳಸಿ, ಗೋಡೆಯಿಂದ ಒಂದು ಗೇಣು ಜಾಗ ಬಿಟ್ಟು, ಭಾರದ್ದನ್ನು ಕೆಳಗಿಡಿ. ಎರಡೂ ಬದಿಗೆ 50 ಸೆಂಟಿಮೀಟರ್ ಅಗಲದ ಕಪಾಟು ಹಾಕಿದರೂ ನಡುವೆ ಒಂದು ಮೀಟರಿನಷ್ಟು ಓಡಾಡುವ ದಾರಿ ಉಳಿಯುತ್ತದೆ. ಆ ದಾರಿಯಲ್ಲಿ ಏನನ್ನೂ ಇಡಕೂಡದು. ದೀಪಕ್ಕೋ ಯಂತ್ರಕ್ಕೋ ವಿದ್ಯುತ್ ಎಳೆಯುವುದಾದರೆ ಇಡೀ ಕಂಟೇನರ್‌ಗೆ ಅರ್ಥಿಂಗ್ ಕೊಡಿಸಿ, ಪರಿಣತ ಎಲೆಕ್ಟ್ರಿಷಿಯನ್ನರಿಂದಲೇ ಆ ಕೆಲಸ ಮಾಡಿಸಿ. ಜನರೇಟರ್‌ನ ಇಂಧನ, ಅನಿಲದ ಸಿಲಿಂಡರ್, ಥಿನ್ನರ್ ಡಬ್ಬಗಳಿಗೆ ಇದರಲ್ಲಿ ಜಾಗವಿಲ್ಲ. ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ ಅವುಗಳ ಆವಿ ಕೂಡಿಕೊಂಡರೆ ಒಂದು ಕಿಡಿಗೆ ಎಲ್ಲವೂ ಸಿಡಿಯಬಹುದು. ಅವನ್ನು ಗಾಳಿಯಾಡುವ ಬೇರೆ ಜಾಗದಲ್ಲಿ, ಕಂಟೇನರ್‌ನಿಂದ ದೂರವಿಡಿ.