ಬನವಾಸಿ ನೋಡಿದ ಮೇಲೆಯೇ ಬೆಂಗಳೂರು

ಶಿರಸಿ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳನ್ನು ಬೆಂಗಳೂರು ತೋರಿಸಲು ಕರೆದುಕೊಂಡು ಹೋಗುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ಬೇರೆ ಶಾಲೆಗಳ ಅಕ್ಕೋರು, ಮಾಸ್ತರು ಫೋನ್ ಮಾಡಿ "ನೀವು ಹೇಗೆ ಮಾಡ್ತೀರಿ?" ಎಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪ್ರವಾಸ ಶುರುವಾಗುವುದು ಬನವಾಸಿಯಲ್ಲಿ. ಬೆಂಗಳೂರಿಗೆ ಹೊರಡುವ ಕೆಲವು ವಾರ ಮುಂಚೆ ಮಕ್ಕಳನ್ನು ಮಧುಕೇಶ್ವರ ದೇವಸ್ಥಾನಕ್ಕೆ ಕರೆದೊಯ್ಯುತ್ತೇನೆ. ಎಲ್ಲರೂ ಜಾತ್ರೆಗೋ ಪೂಜೆಗೋ ಅಲ್ಲಿಗೆ ಹೋದವರೇ. ಆದರೆ ಅಂಗಳದಲ್ಲಿರುವ ವೀರಗಲ್ಲುಗಳ ಮುಂದೆ ನಿಂತವರು ಕಡಿಮೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಯುದ್ಧ ಅಥವಾ ದನಗಳಿಗಾಗಿ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಶಿವಲಿಂಗದ ಎದುರು ಕುಳಿತಿರುತ್ತಾನೆ. ಇಷ್ಟು ಹೇಳಿಕೊಟ್ಟರೆ ಸಾಕು, ಮುಂದಿನ ಕಲ್ಲನ್ನು ಮಕ್ಕಳೇ ಓದುತ್ತಾರೆ. ಐದು ಹೆಡೆಯ ನಾಗಶಿಲ್ಪವನ್ನೂ ತೋರಿಸುತ್ತೇನೆ. ಅದರ ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. ಅದನ್ನು ಕೆತ್ತಿದ ಶಿಲ್ಪಿಯ ಹೆಸರೂ ಅದರಲ್ಲೇ ಇದೆ. ಅವನು ನಟಕ. ಕಲ್ಲಿಗೆ ಮಾತು ಬರುತ್ತದೆ ಎಂಬುದು ಮಕ್ಕಳಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಇದನ್ನು ಮಾಡದೆ ಸೀದಾ ಬೆಂಗಳೂರಿನ ಮ್ಯೂಸಿಯಂ ಒಳಗೆ ಬಿಟ್ಟರೆ ಏನಾಗುತ್ತದೆ ಎಂದು ಬೇಕಾದಷ್ಟು ಸಲ ನೋಡಿದ್ದೇನೆ. ಬೇರೆ ಬೇರೆ ಊರಿನ ಶಾಲೆಗಳ ಮಕ್ಕಳು ಸಾಲಾಗಿ ಒಂದು ಬಾಗಿಲಿನಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತಾರೆ. "ಬೇಗ ಬೇಗ, ಬಸ್ ಹೊರಡ್ತದೆ" ಎಂಬ ಕೂಗು ಹಿಂದಿನಿಂದ. ಒಂದೇ ದಿನಕ್ಕೆ ಎಂಟು ಜಾಗ ಎಂದು ಪಟ್ಟಿ ಕೊಡುವ ಟೂರ್‌ನವರು ಇದ್ದಾರೆ. ಅಂಥ ಪಟ್ಟಿಯಲ್ಲಿ ಮಕ್ಕಳು ಜಾಸ್ತಿ ನೋಡುವುದು ಟ್ರಾಫಿಕ್ಕನ್ನೇ. ನನ್ನ ಲೆಕ್ಕ ದಿನಕ್ಕೆ ಎರಡು ಜಾಗ, ಹೆಚ್ಚೆಂದರೆ ಮೂರು. ಅದರಲ್ಲೂ ಒಂದೊಂದು ಕಡೆ ಒಂದೊಂದು ವಸ್ತುವಿನ ಮುಂದೆ ನಿಲ್ಲಬೇಕು.

ಹೊರಡುವುದು ನವೆಂಬರಿನಲ್ಲಿ. ಅಡಿಕೆ ಕೊನೆಕೊಯ್ಲು ಜೋರಾದರೆ ಮನೆಯಲ್ಲಿ ಮಕ್ಕಳೂ ಬೇಕಾಗುತ್ತಾರೆ, ಆಗ ಕಳಿಸಲು ಅಪ್ಪ ಅಮ್ಮಂದಿರಿಗೆ ಕಷ್ಟ. ಶಿರಸಿಗೆ ರೈಲಿಲ್ಲ. ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ ಹೋಗಿ, ಅಲ್ಲಿಂದ ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲು ಹಿಡಿಯುತ್ತೇವೆ. ಕಾರವಾರ, ಕುಮಟಾ ಕಡೆಯವರಿಗೆ ಪಂಚಗಂಗಾ ರೈಲು ಇದೆ. ಬಸ್ಸಿಗಿಂತ ರೈಲು ಒಳ್ಳೆಯದು ಎನ್ನುವುದಕ್ಕೆ ಕಾರಣ ಸುಲಭ: ಶೌಚಾಲಯವಿದೆ, ಘಟ್ಟದ ತಿರುವಿನಲ್ಲಿ ವಾಂತಿ ಇಲ್ಲ, ಮಕ್ಕಳು ಮಲಗುತ್ತಾರೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್. ಸೋಮವಾರ ಸರ್ಕಾರಿ ಮ್ಯೂಸಿಯಂಗೆ ರಜೆ, ಅದನ್ನು ನೆನಪಿಡಿ. ಹಳೇ ಕಟ್ಟಡಗಳನ್ನು ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದೂ ಉಂಟು. ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲೇ ಫೋನ್ ಮಾಡಿ ವಿಚಾರಿಸುತ್ತೇನೆ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಹೆಡ್‌ಮಾಸ್ತರ ಪತ್ರ, ಮಕ್ಕಳ ಹೆಸರಿನ ಪಟ್ಟಿ ಇದ್ದರೆ ಕೆಲವು ಕಡೆ ಟಿಕೆಟ್ ದರ ಕಡಿಮೆ. ಅವಲಕ್ಕಿ ಚೂಡಾ, ತೊಡದೇವು ಮನೆಯಿಂದಲೇ ಬರುತ್ತದೆ. ಅದನ್ನು ಹಂಚಿ ತಿನ್ನುವುದರಲ್ಲೇ ಅರ್ಧ ಪ್ರವಾಸ!

ಶನಿವಾರ ಬೆಳಿಗ್ಗೆ ಲಾಲ್‌ಬಾಗ್. ಭಾನುವಾರ ಅಲ್ಲಿ ಜನಜಂಗುಳಿ, ಹಾಗಾಗಿ ಶನಿವಾರವೇ ಮುಗಿಸುತ್ತೇವೆ. ಮೆಜೆಸ್ಟಿಕ್ಕಿನಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಹೋದರೆ ಲಾಲ್‌ಬಾಗ್ ಎಂಬ ಸ್ಟೇಷನ್ನೇ ಇದೆ. ಮೊದಲ ಸಲ ಎಸ್ಕಲೇಟರ್ ಹತ್ತುವ ಮಕ್ಕಳಿಗೆ ಭಯವಾಗುತ್ತದೆ. ಒತ್ತಾಯ ಮಾಡಬೇಡಿ, ಪಕ್ಕದಲ್ಲೇ ಮೆಟ್ಟಿಲಿರುತ್ತದೆ. ವಾಪಸ್ ಬರುವಾಗ ಅವರೇ ಹತ್ತುತ್ತಾರೆ.

ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 240 ಎಕರೆ. ಗಾಜಿನಮನೆ 1889ರದ್ದು. ಇದೆಲ್ಲ ಮಕ್ಕಳ ಪುಸ್ತಕದಲ್ಲೇ ಇರುತ್ತದೆ. ನಾನು ಮೊದಲು ಹತ್ತಿಸುವುದು ಕೆಂಪೇಗೌಡ ಗೋಪುರವಿರುವ ಬಂಡೆಯನ್ನು. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು. ಚಪ್ಪಲಿ ಬಿಚ್ಚಿಸಿ ಬಂಡೆಯ ಮೇಲೆ ಕೂರಿಸುತ್ತೇನೆ. ಕಪ್ಪು, ಬಿಳಿ ಪಟ್ಟೆಗಳು ಅಲೆಯಂತೆ ಬಳುಕಿರುವುದು ಹತ್ತಿರದಿಂದ ಕಾಣುತ್ತದೆ. ನೆಲದಾಳದ ಶಾಖ ಮತ್ತು ಒತ್ತಡಕ್ಕೆ ಕಲ್ಲೇ ಮೆತ್ತಗಾಗಿ ಬಳುಕಿದ ಗುರುತು ಅದು. ನಮ್ಮ ಮಕ್ಕಳು ದಿನಾ ನೋಡುವುದು ಚಿರೆಕಲ್ಲು. ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಎರಡೂ ಹೇಗೆ ಬೇರೆ ಎಂದು ಕೇಳಿದರೆ ಕೈಯಿಂದ ಮುಟ್ಟಿ ನೋಡಿಯೇ ಉತ್ತರ ಹೇಳುತ್ತಾರೆ.

ಆಮೇಲೆ ಮರಗಳು. ಹಲವು ಮರಗಳಿಗೆ ಹೆಸರಿನ ಫಲಕ ಇದೆ. ಒಬ್ಬೊಬ್ಬರು ಒಂದೊಂದು ಮರ ಆರಿಸಿಕೊಂಡು, ಎಲೆಯ ಚಿತ್ರ ಬರೆದು, ಕಾಂಡ ಮುಟ್ಟಿ ನೋಡಿ ಬರಬೇಕು. ದೊಡ್ಡ ಬಿಳಿ ಬೂರುಗದ ಮರದ ಬಳಿ ಎಲ್ಲರೂ ಸೇರುತ್ತಾರೆ. ಅದರ ಬುಡದ ಬೇರುಗಳು ಗೋಡೆಯಂತೆ ಎದ್ದು ನಿಂತಿವೆ. ಘಟ್ಟದ ಕಾಡಿನಲ್ಲಿ ಬೆಳೆದ ಮಕ್ಕಳಿಗೆ ಅಂಥ ಬುಡ ಹೊಸದಲ್ಲ. "ಮಣ್ಣು ಆಳ ಇಲ್ಲದಿದ್ರೆ ಹಿಂಗೇ ಬೇರು ಬಿಡ್ತದೆ" ಎಂದು ಒಬ್ಬ ಹುಡುಗ ಉಳಿದವರಿಗೆ ಪಾಠ ಮಾಡಿದ. ನಾನು ಬಾಯಿ ಬಿಡಲಿಲ್ಲ. ಸಸ್ಯಗಳ ವಿಷಯದಲ್ಲಿ ನಮ್ಮ ಮಕ್ಕಳು ಬೆಂಗಳೂರಿಗೆ ಕಲಿಯಲು ಮಾತ್ರ ಹೋಗುವವರಲ್ಲ.

ಮಧ್ಯಾಹ್ನ ಟಿಪ್ಪುವಿನ ಬೇಸಿಗೆ ಅರಮನೆ. ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ವರೆಗೆ ಬಂದು ಇಳಿದರೆ ನಡೆದೇ ಹೋಗಬಹುದು. 1781ರಲ್ಲಿ ಹೈದರಾಲಿ ಶುರು ಮಾಡಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ಸಾಗವಾನಿ ಕಂಬಗಳೇ ಅದರ ಜೀವ. ಕಂಬ ನೆಲಕ್ಕೆ ತಾಗಿಲ್ಲ, ಕಲ್ಲಿನ ಪೀಠದ ಮೇಲೆ ಕೂತಿದೆ. ನಮ್ಮ ಕಡೆಯ ಹಳೇ ಮನೆಗಳ ಜಗಲಿ ಕಂಬಕ್ಕೂ ಹಾಗೇ ಕಲ್ಲು ಕೊಟ್ಟಿರುತ್ತಾರೆ, ತೇವ ಏರಬಾರದು, ಒರಲೆ ಹತ್ತಬಾರದು ಎಂದು. ಮಕ್ಕಳು ಇದನ್ನು ತಾವಾಗಿಯೇ ಗುರುತಿಸಿದರೆ ಆ ದಿನ ಬೇರೇನೂ ಕಲಿಸಬೇಕಾಗಿಲ್ಲ. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಸ್ವಲ್ಪ ದೂರದಲ್ಲಿ ಉಳಿದಿರುವ ಕೋಟೆಯ ಭಾಗ. ಅರಮನೆಗೆ ಬಣ್ಣ ಬಳಿದು ಮುಗಿಸಿದ 1791ನೇ ಇಸವಿಯಲ್ಲೇ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ಒಡೆಯಿತು. ಕೋಟೆ ಗೋಡೆಯ ಎದುರು ನಿಂತು ಇದನ್ನು ಹೇಳಬೇಕು. ತರಗತಿಯಲ್ಲಿ ಹೇಳಿದರೆ ಇಷ್ಟು ತಟ್ಟುವುದಿಲ್ಲ.

ಭಾನುವಾರ ಕಸ್ತೂರ್ಬಾ ರಸ್ತೆ. ಸರ್ಕಾರಿ ಮ್ಯೂಸಿಯಂ 1865ರಲ್ಲಿ ಶುರುವಾದದ್ದು, ಈಗಿನ ಕೆಂಪು ಕಟ್ಟಡ 1877ರದ್ದು. ಇಡೀ ಪ್ರವಾಸದಲ್ಲಿ ನನಗೆ ಅತಿ ಪ್ರೀತಿಯ ಜಾಗ ಇದು. ಇಲ್ಲಿ ನಾವು ಹುಡುಕಿಕೊಂಡು ಹೋಗುವುದು ಆತಕೂರಿನ ಕಲ್ಲನ್ನು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕಾಲ ಕ್ರಿ.ಶ. 949ರ ಸುಮಾರು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಭಂಟ ಮಣಲೇರ ತೋರಿದ ಪರಾಕ್ರಮಕ್ಕೆ ರಾಜ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ನಾಯಿಯ ಪಾಪ ತಗಲುತ್ತದೆ ಎಂದೂ ಬರೆಸಿದರು. ನಾಯಿ, ಹಂದಿ ಜಗಳಕ್ಕೆ ಬಿದ್ದ ಚಿತ್ರ ಕಲ್ಲಿನ ಮೇಲೆಯೇ ಇದೆ.

"ಅಕ್ಕೋರೆ, ನಾಯಿಗೂ ವೀರಗಲ್ಲಾ?" ಎಂದು ಒಬ್ಬಳು ಕೇಳಿದಳು. ಹೌದು, ನಾಯಿಗೂ ಉಂಟು. ಮನೆಯಲ್ಲಿ ನಾಯಿ ಸಾಕಿದ ಮಕ್ಕಳು ಆ ಕಲ್ಲಿನ ಮುಂದಿನಿಂದ ಅಲ್ಲಾಡುವುದಿಲ್ಲ.

ಅಷ್ಟು ಹೊತ್ತಿಗೆ ನಾನು ಚೀಲದಿಂದ ಶಾಸನದ ಪಾಠದ ಪ್ರತಿ ತೆಗೆಯುತ್ತೇನೆ. ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಂಡಿರುತ್ತೇನೆ. ಗೆದ್ದ ಕೃಷ್ಣ ಮೆಚ್ಚಿ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿ ಅದರಲ್ಲಿದೆ. ನಾಡಿನ ಹೆಸರಿನ ಜೊತೆ ಒಂದು ಸಂಖ್ಯೆ ಸೇರಿಸುವ ಆ ಕಾಲದ ರೂಢಿಯಂತೆ ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಎಂದು ಹೋಗುವ ಪಟ್ಟಿ. ಅದರ ಮೊದಲ ಹೆಸರನ್ನು ಮಕ್ಕಳೇ ಓದಲಿ ಎಂದು ಬಿಡುತ್ತೇನೆ. ಬನವಾಸಿ ಹನ್ನೆರಡು ಸಾವಿರ! ಗುಂಪಿನಲ್ಲಿ ಗದ್ದಲವೆದ್ದು ಕಾವಲಿನವರು ತಿರುಗಿ ನೋಡುತ್ತಾರೆ. ಕೆಲವು ವಾರದ ಹಿಂದೆ ತಾವು ನಿಂತಿದ್ದ ಊರು, ಇಲ್ಲಿ, ಮಂಡ್ಯದಿಂದ ಬಂದ ನಾಯಿಯ ಕಲ್ಲಿನ ಮೇಲೆ. ನಮ್ಮ ಊರು ಒಂದು ಯುದ್ಧದ ಬಹುಮಾನವಾಗಿ ಕೈ ಬದಲಾಯಿಸಿತ್ತು ಎಂಬುದು ಮಕ್ಕಳಿಗೆ ಅರ್ಥವಾಗುವುದು ಆಗಲೇ. ಬೆಂಗಳೂರಿಗೆ ಬಂದದ್ದಕ್ಕೆ ನನಗೆ ಇಷ್ಟೇ ಸಾಕು.

ಅಲ್ಲೇ ಬೇಗೂರಿನ ದೊಡ್ಡ ವೀರಗಲ್ಲೂ ಇದೆ. ಆನೆ, ಕುದುರೆ, ಕಾಲಾಳು ತುಂಬಿದ ಯುದ್ಧದ ದೃಶ್ಯ. ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಇರುವುದರಿಂದ ಮಕ್ಕಳಿಗೆ ನನ್ನ ಸಹಾಯ ಬೇಕಾಗುವುದಿಲ್ಲ.

ಪಕ್ಕದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಬಗ್ಗೆ ಹೆಚ್ಚು ಹೇಳುವುದು ಬೇಡ. ಮಕ್ಕಳನ್ನು ಒಳಗೆ ಬಿಡಿ, ಗುಂಡಿ ಒತ್ತಲಿ, ಚಕ್ರ ತಿರುಗಿಸಲಿ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿಯ ಹತ್ತಿರ ಸಿಗೋಣ ಎಂದು ಸಮಯ ಹೇಳಿಟ್ಟರೆ ಆಯಿತು.

ಸಂಜೆ ಕಬ್ಬನ್ ಪಾರ್ಕಿನೊಳಗಿಂದ ನಡೆದು ವಿಧಾನಸೌಧದ ಕಡೆ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳನ್ನು ನಿಶ್ಚಿಂತೆಯಿಂದ ಓಡಲು ಬಿಡಬಹುದು. ರಸ್ತೆಯ ಈ ಬದಿ 1868ರಲ್ಲಿ ಮುಗಿದ ಕೆಂಪು ಹೈಕೋರ್ಟು, ಎದುರಿಗೆ 1956ರಲ್ಲಿ ಮುಗಿದ ಕಲ್ಲಿನ ವಿಧಾನಸೌಧ. ಬ್ರಿಟಿಷರ ಕಾಲದ ಕಚೇರಿಯ ಎದುರಿಗೇ ಕೆಂಗಲ್ ಹನುಮಂತಯ್ಯನವರು ನಮ್ಮದನ್ನು ಎಬ್ಬಿಸಿದರು. ಎರಡನ್ನೂ ಒಂದೇ ಕಡೆ ನಿಂತು ನೋಡಬೇಕು. "ನಮ್ಮ ಶಾಸಕರು ಯಾವ ಕಿಟಕಿ ಹತ್ರ ಕೂರ್ತಾರೆ?" ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ.

ಊರಿಗೆ ಬಂದ ಮೇಲೆ ನಾನು ಪ್ರಬಂಧ ಬರೆಸುವುದಿಲ್ಲ. ಅವರವರ ಊರಿನಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಅಕ್ಷರವಿರುವ ಕಲ್ಲು ಎಲ್ಲಿದೆ ಎಂದು ಹುಡುಕಿ ಬರಲು ಹೇಳುತ್ತೇನೆ. ಕೆರೆ ಏರಿ, ದೇವಸ್ಥಾನದ ಹಿಂಭಾಗ, ತೋಟದ ಬೇಲಿ ಹೀಗೆ ಎಲ್ಲೆಲ್ಲೋ ಸಿಗುತ್ತವೆ. ಎರಡು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಅಕ್ಷರ ಕಾಣಲೆಂದು ಸುಣ್ಣವನ್ನೋ ಎಣ್ಣೆಯನ್ನೋ ಹಚ್ಚಬಾರದು, ತಂತಿ ಬ್ರಷ್ಷಿನಿಂದ ತಿಕ್ಕಬಾರದು. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಬೇಕು. ಮೋಡವಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೂ ಗೆರೆಗಳು ಎದ್ದು ಕಾಣುತ್ತವೆ. ಕಲ್ಲಿನ ಜಾಗ ಮತ್ತು ಫೋಟೋಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಸೇರಿಸುತ್ತಾ ಬಂದಿದ್ದೇವೆ. ಮುಂದಿನ ವರ್ಷದ ಮಕ್ಕಳಿಗೆ ಅದೇ ಮೊದಲ ಪಾಠದ ಪುಸ್ತಕ.