ರೇಷ್ಮೆ, ಮೀನು, ಅರಣ್ಯ: ಇಂಥ ಪದವಿಗೆ ಸೇರುವ ಮುನ್ನ

ಸಿಇಟಿ ಫಲಿತಾಂಶ ಬಂದಾಗಲೆಲ್ಲ ಎಳೆಯ ರೇಷ್ಮೆಹುಳು ಸಾಕಿ ಕೊಡುವ ನಮ್ಮ ಚಾಕಿ ಕೇಂದ್ರಕ್ಕೆ ಹುಳು ಒಯ್ಯಲು ಬರುವ ರೈತರು ಕೇಳುತ್ತಾರೆ: "ಮಗಳಿಗೆ ಬಿ.ಎಸ್ಸಿ. ರೇಷ್ಮೆ ಕೃಷಿ ಸಿಗಬಹುದಂತೆ ಮೇಡಂ. ಹುಳು ಸಾಕುವುದಕ್ಕೂ ಡಿಗ್ರಿ ಬೇಕೇ?" ಬೇಕು. ಚಿಂತಾಮಣಿಯಲ್ಲಿ ಅದನ್ನೇ ಓದಿ, ಶಿಡ್ಲಘಟ್ಟದ ಬಳಿ ಅದರಿಂದಲೇ ಬದುಕುತ್ತಿರುವವಳು ನಾನು. ಆದರೂ ಕಣ್ಣುಮುಚ್ಚಿ ಸೇರಿಸಬೇಡಿ.

ಮೊದಲು ಪಠ್ಯಕ್ರಮ ತೆರೆಯಿರಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ವಿಷಯದ ಎದುರು 2+1, 1+1 ಎಂದು ಬರೆದಿರುತ್ತದೆ. ಮೊದಲ ಅಂಕೆ ಪಾಠದ್ದು, ಎರಡನೆಯದು ಪ್ರಾಯೋಗಿಕದ್ದು. ಎರಡನೆಯದು ಸೊನ್ನೆಯಾದ ವಿಷಯಗಳೇ ತುಂಬಿದ್ದರೆ ಆ ಪದವಿ ಹೆಸರಿಗಷ್ಟೇ ವೃತ್ತಿಪರ. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ದುಡಿಯುವ ಕಾರ್ಯಾನುಭವ ಇದೆಯೇ ಎಂದೂ ನೋಡಿ.

ಆಮೇಲೆ ಹಿರಿಯ ವಿದ್ಯಾರ್ಥಿಗಳನ್ನು ಹಿಡಿದು, ಪ್ರಯೋಗಾಲಯದಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ ಎಂದು ಕೇಳಿ. ನಮಗೆ ರೇಷ್ಮೆಹುಳುವಿನ ಗಂಟು ರೋಗದ (ಪೆಬ್ರಿನ್) ಪರೀಕ್ಷೆ ಮಾಡಿಸುತ್ತಿದ್ದರು. ಈ ರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ. ಬರಿಗಣ್ಣಿಗೆ ಮೊಟ್ಟೆಯಲ್ಲಿ ಏನೂ ಕಾಣದು. ಮೊಟ್ಟೆಯಿಟ್ಟು ಮುಗಿಸಿದ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಸೋಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಬೇಕು. ಅಂಡಾಕಾರದ, ಹೊಳೆಯುವ ಬೀಜಾಣು ಕಂಡರೆ ಆ ಚಿಟ್ಟೆಯ ಮೊಟ್ಟೆಗಳೆಲ್ಲ ಬೆಂಕಿಗೆ. ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗಕ್ಕೆ ಸಿಕ್ಕಿ ನೆಲಕಚ್ಚಿದ್ದಾಗ, 1865ರಲ್ಲಿ ಅದರ ಬೆನ್ನು ಹತ್ತಿದ ಲೂಯಿ ಪಾಶ್ಚರ್ ತೋರಿಸಿದ ದಾರಿ ಇದು. ಹುಳು ಹಣ್ಣಾಗಿದೆ, ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಹಾಕಿ ಎಂದು ನಮ್ಮ ಅಜ್ಜಿ ದೂರದಿಂದಲೇ ಹೇಳಬಲ್ಲವರಾಗಿದ್ದರು. ಬೆಳೆ ಹೋದರೆ ಮಾತ್ರ ದೃಷ್ಟಿ ತಾಗಿತು ಎನ್ನುತ್ತಿದ್ದರು. ಅಜ್ಜಿಯ ಕೈಚಳಕದ ಜೊತೆಗೆ ಬೆಳೆ ಏಕೆ ಹೋಯಿತು ಎಂಬ ಕಾರಣವನ್ನೂ ಕಲಿಸುವ ಕಾಲೇಜನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿಗೂ (1969ರಲ್ಲಿ ಆರಂಭವಾದ ಇದು ದೇಶದಲ್ಲೇ ಮೊದಲನೆಯದು), ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಕಾಲೇಜುಗಳಿಗೂ ಇದೇ ಒರೆಗಲ್ಲು.

ಕೆಲಸದ ಮಾತು. "ಸ್ಕೋಪ್ ಇದೆಯಾ" ಎಂದು ನೆಂಟರನ್ನು ಕೇಳುವ ಬದಲು ಹಳೆಯ ನೇಮಕಾತಿ ಅಧಿಸೂಚನೆಗಳನ್ನು ಓದಿ. ವಿದ್ಯಾರ್ಹತೆಯ ಸಾಲಿನಲ್ಲಿ ನಿಮ್ಮ ಪದವಿಯ ಹೆಸರು ಅಕ್ಷರಶಃ ಇದೆಯೇ ನೋಡಿ. ಸರ್ಕಾರಿ ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ ಐಬಿಪಿಎಸ್ ಕೊಡುವ ಪಟ್ಟಿಯಲ್ಲಿ ರೇಷ್ಮೆ, ಮೀನುಗಾರಿಕೆ, ಅರಣ್ಯ, ಹೈನು ವಿಜ್ಞಾನ ಎಲ್ಲವೂ ಇವೆ, ಆದರೆ ಪದವಿ ನಾಲ್ಕು ವರ್ಷದ್ದಾಗಿರಬೇಕು. ಮೂರು ವರ್ಷದ ಕೋರ್ಸಿಗೆ ಸೇರುವವರು ಇದನ್ನು ಈಗಲೇ ತಿಳಿದಿರಬೇಕು.

ಸ್ವಂತ ಉದ್ಯೋಗದ ಆಸೆಯಿದ್ದರೆ ಆ ಕಸುಬಿನವರ ಬಳಿ ಒಂದು ದಿನ ಕಳೆಯಿರಿ. ನನ್ನಲ್ಲಿಗೆ ಬಂದವರನ್ನು ನೇರವಾಗಿ ಚಾಕಿ ಕೋಣೆಗೇ ಕರೆದೊಯ್ಯುತ್ತೇನೆ. ಹುಳು ಎರಡನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಏಳುವವರೆಗೆ ಅಲ್ಲಿ 27–28 ಡಿಗ್ರಿ ಉಷ್ಣಾಂಶ, ಶೇ. 85–90ರಷ್ಟು ತೇವಾಂಶ ಇರಲೇಬೇಕು. ಆ ಸೆಕೆಯಲ್ಲಿ ಎಳೆ ಸೊಪ್ಪು ಕತ್ತರಿಸುತ್ತ ಬೆವರುವಾಗಲೂ ಹುಡುಗಿ ಪ್ರಶ್ನೆ ಕೇಳುತ್ತಲೇ ಇದ್ದರೆ ತಂದೆಗೆ "ಸೇರಿಸಿ" ಎನ್ನುತ್ತೇನೆ.

ಕೃಷಿಕರ ಕೋಟಾವನ್ನು ಅರ್ಜಿ ತುಂಬುವಾಗಲೇ ಕೇಳಿಕೊಳ್ಳಿ, ಜಮೀನಿನ ದಾಖಲೆ ಸಿದ್ಧವಿರಲಿ. ಆಯ್ಕೆ ನಮೂದಿಸುವಾಗ ನಿಜವಾಗಿ ಬೇಕಾದ ಕೋರ್ಸನ್ನೇ ಮೇಲಿಡಿ. ಸೀಟು ಹಂಚುವುದು ನೀವು ಕೊಟ್ಟ ಆ ಕ್ರಮದಲ್ಲೇ.